ಜೋಗಿಮಟ್ಟಿ ಬೆಂಕಿಗೆ ಹೋಗುವವರಿಗೆ ಯಾವ ತಯಾರಿ ಬೇಕು?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಾನು ಚಿತ್ರದುರ್ಗದವನು, ವಯಸ್ಸು 38, ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದೇನೆ. ಬೇಸಿಗೆಯಲ್ಲಿ ಜೋಗಿಮಟ್ಟಿ ಕಡೆ ಬೆಂಕಿ ಬಿದ್ದಾಗ ನಾವು ಹದಿನಾಲ್ಕು ಜನ ಅರಣ್ಯ ಇಲಾಖೆಯವರ ಜೊತೆ ಹೋಗಿ ಹಸಿ ಸೊಪ್ಪಿನಿಂದ ಬಡಿದು ಆರಿಸುತ್ತೇವೆ. ಸಂಬಳ ಇಲ್ಲ, ನಮ್ಮೂರ ಕಾಡು ಅಂತ ಹೋಗುತ್ತೇವೆ ಅಷ್ಟೆ. ಕಳೆದ ಮಾರ್ಚ್‌ನಲ್ಲಿ ನಮ್ಮ ಜೊತೆ ಬಂದಿದ್ದ 46 ವರ್ಷದ ಅಣ್ಣ ಒಬ್ಬರು ಗುಡ್ಡದ ಅರ್ಧಕ್ಕೇ ಕುಸಿದು ಕೂತರು. ಎದೆ ಹಿಡಿದ ಹಾಗಾಗ್ತಿದೆ ಅಂದರು, ವಾಂತಿ ಮಾಡಿದರು. ಬೆಳಗ್ಗೆಯಿಂದ ಟೀ ಬಿಟ್ಟು ಏನೂ ತಿಂದಿರಲಿಲ್ಲ. ನೆರಳಲ್ಲಿ ಮಲಗಿಸಿ ಸೋಡಾ ಕುಡಿಸಿದ ಮೇಲೆ ಸರಿಹೋದರು. ಗ್ಯಾಸ್ ಅಂದುಕೊಂಡು ಸುಮ್ಮನಾದೆವು. ಈ ಸಲ ಮೊದಲೇ ಎಲ್ಲರೂ ಫಿಟ್ ಆಗೋಣ ಅಂತ ಮಾತಾಡಿಕೊಂಡಿದ್ದೇವೆ. ಒಬ್ಬರು ಜಿಮ್ ಸೇರಿ ಅಂತಾರೆ. ಗರಡಿ ಮನೆಯ ಉಸ್ತಾದರು ದಿನಾ ನೂರು ದಂಡ, ನೂರು ಬಸ್ಕಿ ಹೊಡೆದರೆ ಸಾಕು ಅಂತಾರೆ. ಹೊಲದಲ್ಲಿ ದುಡಿಯೋರಿಗೆ ಇದೆಲ್ಲ ಯಾಕೆ ಅನ್ನೋರೂ ಇದ್ದಾರೆ. ಗುಂಪಿನಲ್ಲಿ ಬಿಪಿ ಮಾತ್ರೆ ತಗೊಳ್ಳುವ 52 ವರ್ಷದ ಮೇಷ್ಟ್ರೂ ಇದ್ದಾರೆ. ಏನು ಮಾಡಬೇಕು ಹೇಳಿ. ಕುಸಿದು ಕೂತಿದ್ದ ಅಣ್ಣ ಈ ಸಲವೂ ಬರ್ತೀನಿ ಅಂತ ಹಟ ಹಿಡಿದಿದ್ದಾರೆ.

ಉತ್ತರ: ನಿಮ್ಮ ಪತ್ರ ಓದುವಾಗ ನನಗೆ ಜಿಮ್‌ಗಿಂತ ಮೊದಲು ಕಣ್ಣಿಗೆ ಬಿದ್ದದ್ದು ಆ ಸೋಡಾ. ದಾವಣಗೆರೆಯಲ್ಲಿ ಇಷ್ಟು ವರ್ಷ ಪ್ರಾಕ್ಟೀಸ್ ಮಾಡಿದ್ದೇನೆ. ಹೃದಯಾಘಾತ ಆಗಿ ಬಂದವರ ಮನೆಯವರ ಬಾಯಲ್ಲಿ ನಾನು ಅತಿ ಹೆಚ್ಚು ಕೇಳಿದ ಮಾತು ‘ಗ್ಯಾಸ್ ಅಂದ್ಕೊಂಡ್ವಿ ಡಾಕ್ಟ್ರೇ’. ಸೋಡಾ ಕುಡಿದು, ಜೀರಿಗೆ ನೀರು ಕುಡಿದು, ಬೆಳಗಾಗಲಿ ನೋಡೋಣ ಅಂತ ಕಾದು ಕೂತಿರುತ್ತಾರೆ. ನಿಮ್ಮ ಅಣ್ಣನಿಗೆ ಆಗಿದ್ದು ಬಿಸಿಲಿನ ಸುಸ್ತೇ ಇರಬಹುದು. ಖಾಲಿ ಹೊಟ್ಟೆ, ನೀರಿಲ್ಲ, ಏರು ದಾರಿ, ಹೊಗೆ, ಎಲ್ಲ ಸೇರಿದರೆ ಯಾರಿಗಾದರೂ ಆಗುತ್ತೆ. ಆದರೆ ಹೃದಯದ ರಕ್ತನಾಳ ಸಣ್ಣಗಾಗಿದ್ದವರಿಗೂ ಇದೇ ರೀತಿ ಆಗುತ್ತೆ: ಶ್ರಮಪಟ್ಟಾಗ ಎದೆ ಬಿಗಿ, ಬೆವರು, ವಾಂತಿ, ಕೂತರೆ ಸರಿಹೋಗೋದು. ಅವರನ್ನು ನೋಡದೆ ಇದು ಅದೇ ಅಂತ ನಾನು ಹೇಳಲಾರೆ. ಹೊರಗಿನಿಂದ ನೋಡಿ ನೀವೂ ಹೇಳೋಕಾಗಲ್ಲ. ಹಾಗಾಗಿ ಹದಿನಾಲ್ಕು ಜನರ ವ್ಯಾಯಾಮ ಶುರುವಾಗುವ ಮುಂಚೆ ಆ ಒಬ್ಬರನ್ನು ಹೃದಯದ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಇದೇ ವಾರ.

ನೀವು ಬರೆದಿಲ್ಲ, ಆದರೂ ನಿಮ್ಮ ಮನಸ್ಸಿನಲ್ಲಿರುವ ಭಯ ಗೊತ್ತಾಗುತ್ತೆ. ನಮ್ಮಲ್ಲಿ ಯಾರಾದರೂ ಮೇಲೆ ಹೋದವರು ವಾಪಸ್ ಬರದಿದ್ದರೆ ಅವರ ಹೆಂಡತಿ ಮಕ್ಕಳಿಗೆ ಏನು ಹೇಳೋದು, ಅಲ್ವಾ? ಆ ಭಯ ಸರಿಯಾದದ್ದೇ. ಬೆಂಕಿ ಆರಿಸುವವರು ಸುಟ್ಟು ಸಾಯುತ್ತಾರೆ ಅಂತ ನಾವು ಅಂದುಕೊಂಡಿರುತ್ತೇವೆ. ಅಮೆರಿಕದಲ್ಲಿ ಅಗ್ನಿಶಾಮಕರಲ್ಲಿ ಹೆಚ್ಚಿನವರು ನಿಮ್ಮ ಹಾಗೆ ಸ್ವಯಂಸೇವಕರು, ಬೇರೆ ಕೆಲಸ ಇಟ್ಟುಕೊಂಡು ಕರೆ ಬಂದಾಗ ಓಡುವವರು. ಅಲ್ಲಿ 1994ರಿಂದ 2004ರವರೆಗೆ ಕರ್ತವ್ಯದಲ್ಲಿದ್ದಾಗ ಸತ್ತ 1,144 ಅಗ್ನಿಶಾಮಕರ ದಾಖಲೆಗಳನ್ನು ಹಾರ್ವರ್ಡ್‌ನ ಸಂಶೋಧಕರು ನೋಡಿದರು. 449 ಜನ ಸತ್ತಿದ್ದು ಹೃದಯದ ಕಾಯಿಲೆಯಿಂದ. ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. ಅವರ ಒಟ್ಟು ಕೆಲಸದ ಸಮಯದಲ್ಲಿ ಬೆಂಕಿ ಆರಿಸುವುದಕ್ಕೆ ಹೋಗುವುದು ನೂರರಲ್ಲಿ 1ರಿಂದ 5 ಪಾಲು ಅಷ್ಟೆ. ಆದರೆ ಹೃದಯದ ಸಾವುಗಳಲ್ಲಿ ಸುಮಾರು ಮೂರನೇ ಒಂದು ಪಾಲು ಆದದ್ದು ಆ ಸ್ವಲ್ಪ ಸಮಯದಲ್ಲೇ.

ಯಾಕೆ ಹೀಗಾಗುತ್ತೆ? ನಿಮ್ಮ ದಿನವನ್ನೇ ತಗೊಳ್ಳಿ. ಬೆಳಗ್ಗೆಯಿಂದ ಅಂಗಡಿ ಕುರ್ಚಿಯಲ್ಲಿ ಕೂತಿದ್ದೀರಿ. ಫೋನ್ ಬರುತ್ತೆ, ಗುಡ್ಡದ ಮೇಲೆ ಹೊಗೆ ಅಂತ. ಎದ್ದು ನಿಲ್ಲುವ ಹೊತ್ತಿಗೇ ಎದೆ ಬಡಿತ ಜಾಸ್ತಿ ಆಗಿರುತ್ತೆ, ಇನ್ನೂ ಒಂದು ಹೆಜ್ಜೆ ಓಡಿರಲ್ಲ. ಬೈಕ್ ಹತ್ತಿ, ಅರ್ಧ ಗಂಟೆಯೊಳಗೆ ಎದೆ ಮಟ್ಟದ ಬಾದೆಹುಲ್ಲಿನ ನಡುವೆ ಏರು ಹತ್ತುತ್ತಿರುತ್ತೀರಿ. ಬೆವರಿ ನೀರು ಹೋದಂತೆ ರಕ್ತ ಗಟ್ಟಿಯಾಗುತ್ತೆ. ಮೈ ತಣ್ಣಗಾಗಲಿ ಅಂತ ರಕ್ತವೆಲ್ಲ ಚರ್ಮದ ಕಡೆ ಹರಿಯುತ್ತೆ, ಅತ್ತ ಕಾಲಿನ ಸ್ನಾಯುಗಳಿಗೂ ರಕ್ತ ಬೇಕು, ಎರಡನ್ನೂ ಪೂರೈಸೋಕೆ ಹೃದಯ ಒದ್ದಾಡುತ್ತೆ. ಮೇಲಿಂದ ಹೊಗೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್ ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟಿಕೊಳ್ಳುತ್ತೆ, ಅಂದರೆ ಹೃದಯ ಅತಿ ಹೆಚ್ಚು ಆಮ್ಲಜನಕ ಕೇಳುವ ಹೊತ್ತಿನಲ್ಲೇ ಅದು ಕಮ್ಮಿ ಸಿಗುತ್ತೆ. 2017ರಲ್ಲಿ ಎಡಿನ್‌ಬರ್ಗ್ ವಿಶ್ವವಿದ್ಯಾಲಯದವರು ಆರೋಗ್ಯವಂತ ಅಗ್ನಿಶಾಮಕರನ್ನೇ ಬೆಂಕಿಯ ತರಬೇತಿಗೆ ಕಳಿಸಿ, ಆಮೇಲೆ ರಕ್ತ ಪರೀಕ್ಷೆ ಮಾಡಿ ನೋಡಿದರು. ಅವರ ರಕ್ತ ಬೇಗ ಹೆಪ್ಪುಗಟ್ಟುವ ಹಾಗಾಗಿತ್ತು, ರಕ್ತನಾಳಗಳು ಸರಿಯಾಗಿ ಹಿಗ್ಗುತ್ತಿರಲಿಲ್ಲ. ಆರೋಗ್ಯವಂತರಿಗೇ ಹೀಗಾದರೆ, ರಕ್ತನಾಳ ಮೊದಲೇ ಅರ್ಧ ಮುಚ್ಚಿಕೊಂಡು ಅದು ಗೊತ್ತೇ ಇಲ್ಲದವರ ಕಥೆ ಏನು? ನಮ್ಮ ದೇಶದಲ್ಲಿ ಹೃದಯದ ತೊಂದರೆ ಬೇರೆ ಕಡೆಗಿಂತ ಹತ್ತು ವರ್ಷ ಮುಂಚೆಯೇ ಕಾಣಿಸಿಕೊಳ್ಳೋದನ್ನು ನೋಡುತ್ತಿದ್ದೇವೆ. ನಲವತ್ತು ಆಗಿಲ್ಲ ಅಂತ ಧೈರ್ಯವಾಗಿರೋಕಾಗಲ್ಲ.

ಅಂಗಡಿ ಕುರ್ಚಿಯಿಂದ ಗುಡ್ಡದ ಬೆಂಕಿಗೆ ಹಾರುವ ಈ ಹಾರಿಕೆ ಇದೆಯಲ್ಲ, ಅಪಾಯ ಇರೋದೇ ಅಲ್ಲಿ. ನಿಮ್ಮ ತಯಾರಿಯೆಲ್ಲ ಆ ದೂರವನ್ನು ಕಮ್ಮಿ ಮಾಡೋಕೆ.

ಈಗ ಜಿಮ್ ವಿಷಯ. ಜಿಮ್ ಕೆಟ್ಟದ್ದಲ್ಲ. ಆದರೆ ತೋಳು ದಪ್ಪ ಮಾಡಿಕೊಂಡ ಹುಡುಗ ಗುಡ್ಡದ ಅರ್ಧಕ್ಕೇ ಏದುಸಿರು ಬಿಡೋದನ್ನು, ಒಣಕಲು ಮೈಯ ಕುರಿ ಕಾಯುವವರು ಅದೇ ಗುಡ್ಡವನ್ನು ಬೀಡಿ ಸೇದುತ್ತಾ ಹತ್ತೋದನ್ನು ನಾನೇ ನೋಡಿದ್ದೇನೆ. ಬೀಡಿ ಸೇದಿ ಅಂತ ಹೇಳ್ತಿಲ್ಲ, ಅದು ರಕ್ತಕ್ಕೆ ದಿನಾ ಕಾರ್ಬನ್ ಮಾನಾಕ್ಸೈಡ್ ತುಂಬುತ್ತೆ. ಬೆಂಕಿಯ ಕೆಲಸಕ್ಕೆ ಬೇಕಾದದ್ದು ತಾಸುಗಟ್ಟಲೆ ಉಳಿಯುವ ದಮ್ಮು, ಅದರ ಹಿಂದೆ ಕಾಲು ಮತ್ತು ಬೆನ್ನಿನ ಬಲ. ತೋಳು ಕೊನೆಗೆ.

ಹೊಲದ ಕೆಲಸ ಸಾಕು ಅನ್ನೋದರಲ್ಲಿ ಅರ್ಧ ನಿಜ ಇದೆ. ದಿನಾ ಬಿಸಿಲಲ್ಲಿ ದುಡಿಯುವವರ ಮೈ ಬಿಸಿಲಿಗೆ ಹೊಂದಿಕೊಂಡಿರುತ್ತೆ, ಅದು ದೊಡ್ಡ ಲಾಭ. ಆದರೆ ಈಗ ಟ್ರ್ಯಾಕ್ಟರ್ ಮೇಲೆ ಕೂತು ಉಳುವವರು, ಮೋಟರ್ ಸ್ವಿಚ್ ಹಾಕಿ ಮನೆಗೆ ಬರುವವರೇ ಜಾಸ್ತಿ. ಹೊಲದ ಕೆಲಸದಲ್ಲಿ ಸುಸ್ತಾದರೆ ಬೇವಿನ ಮರದ ಕೆಳಗೆ ಕೂರಬಹುದು. ಬೆಂಕಿಯ ಎದುರು ನಿಂತಾಗ ಅದು ನಿಮ್ಮ ಕೈಯಲ್ಲಿರಲ್ಲ.

ನೂರು ದಂಡ ನೂರು ಬಸ್ಕಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ದಂಡ-ಬಸ್ಕಿ ಒಳ್ಳೆಯ ವ್ಯಾಯಾಮ, ನಮ್ಮ ಗರಡಿ ಮನೆಗಳು ಕೊಟ್ಟ ಆಸ್ತಿ ಅದು. ಅಭ್ಯಾಸ ಇಲ್ಲದವರು ಮೊದಲ ದಿನವೇ ನೂರಾರು ಹೊಡೆಯೋದು ಮಾತ್ರ ಅಪಾಯ. ಕೆಲವು ವರ್ಷದ ಹಿಂದೆ ಒಂದು ತರಬೇತಿ ಶಿಬಿರದಿಂದ ಇಪ್ಪತ್ತೆರಡು ವರ್ಷದ ಹುಡುಗನನ್ನು ನನ್ನ ಹತ್ತಿರ ಕರೆತಂದಿದ್ದರು. ತಡವಾಗಿ ಬಂದ ಅಂತ ಐನೂರು ಬಸ್ಕಿ ಹೊಡೆಸಿದ್ದರಂತೆ. ಎರಡು ದಿನದ ಮೇಲೆ ತೊಡೆ ಕಲ್ಲಿನ ಹಾಗೆ ಬಿಗಿದಿತ್ತು, ಮೆಟ್ಟಿಲು ಇಳಿಯೋಕಾಗುತ್ತಿರಲಿಲ್ಲ. ಬಾಟಲಿಯಲ್ಲಿ ತಂದಿದ್ದ ಮೂತ್ರ ಹಾಲು ಹಾಕದ ಕಪ್ಪು ಟೀ ಬಣ್ಣದಲ್ಲಿತ್ತು. ಸ್ನಾಯು ಒಡೆದು ಅದರ ಕಸವೆಲ್ಲ ರಕ್ತಕ್ಕೆ ಸೇರಿ ಕಿಡ್ನಿಗೆ ಪೆಟ್ಟು ಕೊಟ್ಟಿತ್ತು. ವಾರಗಟ್ಟಲೆ ಆಸ್ಪತ್ರೆಯಲ್ಲಿದ್ದು ಉಳಿದುಕೊಂಡ. ನಿಮ್ಮ ಗುಂಪಿನಲ್ಲಿ ಯಾರಿಗಾದರೂ ವ್ಯಾಯಾಮದ ಮಾರನೇ ದಿನ ಮೂತ್ರ ಆ ಬಣ್ಣಕ್ಕೆ ತಿರುಗಿದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ. ಉಸ್ತಾದರಿಗೆ ಹೇಳಿ, ಹತ್ತು ಹತ್ತರಿಂದ ಶುರು ಮಾಡಿಸಲಿ, ವಾರಕ್ಕೆ ಐದೈದು ಏರಿಸಲಿ. ಅವರು ಬೇಡ ಅನ್ನಲ್ಲ.

ಇನ್ನೆರಡು ತಪ್ಪು ತಿಳಿವಳಿಕೆ ಬೇಗ ಹೇಳಿಬಿಡುತ್ತೇನೆ. ಮೂಗಿಗೆ ಒದ್ದೆ ಟವೆಲ್ ಕಟ್ಟಿಕೊಂಡರೆ ಬೂದಿ, ದಪ್ಪ ಕಣ ಸ್ವಲ್ಪ ತಡೆಯುತ್ತೆ. ಕಾರ್ಬನ್ ಮಾನಾಕ್ಸೈಡ್‌ಗೆ ಅದು ಯಾವ ತಡೆಯೂ ಅಲ್ಲ. ಟವೆಲ್ ಕಟ್ಟಿದ್ದೀನಿ ಅನ್ನೋ ಧೈರ್ಯದಲ್ಲಿ ದಟ್ಟ ಹೊಗೆಗೆ ನುಗ್ಗೋದು ಟವೆಲ್ ಇಲ್ಲದೆ ದೂರ ನಿಲ್ಲೋದಕ್ಕಿಂತ ಕೆಟ್ಟದ್ದು. ತಲೆ ಸಿಡಿತ, ಕಣ್ಣು ಮಂಜು, ಸುಮ್ನೆ ಸಿಡಿಮಿಡಿ ಶುರುವಾದರೆ ಅದು ಹೊಗೆ ತಲೆಗೇರಿದ ಲಕ್ಷಣ, ಹೊರಗೆ ಬನ್ನಿ. ಎರಡನೆಯದು, ಬೆವರು ಬರಲಿ ಅಂತ ಪ್ಲಾಸ್ಟಿಕ್ ಜಾಕೆಟ್ ಹಾಕಿಕೊಂಡು ಓಡೋದು. ಇಳಿಯೋದು ನೀರಿನ ತೂಕ ಅಷ್ಟೆ, ಸಂಜೆಗೆ ವಾಪಸ್ ಬರುತ್ತೆ. ನಡುವೆ ಮೈಯ ಕಾವು ಏರಿ ಬಿದ್ದರೆ ಹೊಣೆ ಯಾರು?

ಸರಿ, ಮಾಡಬೇಕಾದದ್ದಕ್ಕೆ ಬರೋಣ. ನಿಮ್ಮ ಕಡೆ ಬೆಂಕಿಯ ಕಾಲ ಜನವರಿ ಕೊನೆಗೆ ಹುಲ್ಲು ಒಣಗಿದ ಮೇಲೆ ಶುರುವಾಗಿ ಮೊದಲ ಒಳ್ಳೆ ಮಳೆವರೆಗೆ. ಅಂದರೆ ನವೆಂಬರ್‌ನಲ್ಲೇ ಶುರು ಮಾಡಬೇಕು, ಹನ್ನೆರಡು ವಾರ ಸಿಗುತ್ತೆ.

ಮೊದಲು ತಪಾಸಣೆ. ಬಿಪಿ ಮತ್ತು ಸಕ್ಕರೆಯನ್ನು ಸರ್ಕಾರಿ ಆಸ್ಪತ್ರೆಯಲ್ಲೇ ನೋಡುತ್ತಾರೆ, ಮೂವತ್ತು ದಾಟಿದ ಎಲ್ಲರಿಗೂ ಅದು ಇದೆ. ಜೊತೆಗೆ ಹಿಮೋಗ್ಲೋಬಿನ್, ಕೊಲೆಸ್ಟ್ರಾಲ್. ನಲವತ್ತು ದಾಟಿದವರು, ಸಕ್ಕರೆ-ಬಿಪಿ ಇರುವವರು, ಬೀಡಿ-ಸಿಗರೇಟು ಸೇದುವವರು, ಅಪ್ಪ-ಅಣ್ಣಂದಿರಿಗೆ ಚಿಕ್ಕ ವಯಸ್ಸಲ್ಲೇ ಹೃದಯಾಘಾತ ಆಗಿರುವವರು ಡಾಕ್ಟರನ್ನು ಕೇಳಿ ಟಿಎಂಟಿ, ಅಂದರೆ ಓಡುವ ಪಟ್ಟಿಯ ಮೇಲೆ ನಡೆಸಿ ಮಾಡುವ ಪರೀಕ್ಷೆ ಮಾಡಿಸಿಕೊಳ್ಳಿ. ಇಸಿಜಿ ನಾರ್ಮಲ್ ಬಂದಿದೆ ಅಂತ ಚೀಟಿ ತೋರಿಸುವವರು ತುಂಬಾ ಜನ. ಮಲಗಿಸಿ ತೆಗೆದ ಇಸಿಜಿ ಮಲಗಿರುವ ಹೃದಯದ ಕಥೆ ಹೇಳುತ್ತೆ, ಗುಡ್ಡ ಹತ್ತುವ ಹೃದಯದ್ದಲ್ಲ. ಟಿಎಂಟಿಯೂ ಎಲ್ಲವನ್ನೂ ಹಿಡಿಯಲ್ಲ ನಿಜ, ಆದರೂ ಅದಕ್ಕಿಂತ ಎಷ್ಟೋ ಮೇಲು.

ಆಮೇಲೆ ನಡಿಗೆ. ಮೊದಲ ನಾಲ್ಕು ವಾರ ವಾರಕ್ಕೆ ನಾಲ್ಕೈದು ದಿನ 40 ನಿಮಿಷ ಬಿರುಸಾಗಿ ನಡೆಯಿರಿ. ಪಕ್ಕದವರ ಜೊತೆ ಮಾತಾಡೋಕಾಗಬೇಕು, ಹಾಡೋಕಾಗಬಾರದು. ಅದೇ ಅಳತೆ, ಕೈಗೆ ಗಡಿಯಾರ ಬೇಡ. ಚಂದ್ರವಳ್ಳಿ ಕಡೆ ಹೋಗಿ, ಕಾಲಿಗೆ ರೂಢಿಯಾದ ಮೇಲೆ ಆಡುಮಲ್ಲೇಶ್ವರದ ಕಡೆಯ ಏರು ರಸ್ತೆಗೆ ಬನ್ನಿ. ನಸುಕಲ್ಲಿ ಮಾತ್ರ ಬೇಡ, ಕರಡಿ ಚಿರತೆ ಓಡಾಡುವ ಜಾಗ ಅದು, ಬೆಳಕು ಹರಿದ ಮೇಲೆ ಹೋಗಿ. ವಾರಕ್ಕೆ ಎರಡು ದಿನ ದಂಡ-ಬಸ್ಕಿ, ಮತ್ತೆ ಎರಡು ಕೈಯಲ್ಲಿ ಹತ್ತತ್ತು ಲೀಟರಿನ ನೀರಿನ ಕ್ಯಾನ್ ಹಿಡಿದು ಐವತ್ತು ಹೆಜ್ಜೆ ಹೋಗಿ ಬರೋದು. ಬೆಂಕಿ ಬಿದ್ದಾಗ ನೀರು ಹೊರೋದೇ ಅರ್ಧ ಕೆಲಸ ಅಂತ ನಿಮಗೇ ಗೊತ್ತಲ್ಲ, ಗಾಡಿ ಮೇಲಕ್ಕೆ ಬರಲ್ಲ.

ಐದನೇ ವಾರದಿಂದ ಬೆನ್ನಿಗೆ ಭಾರ. ಶಾಲೆ ಬ್ಯಾಗಿನಲ್ಲಿ ಐದು ಕೆಜಿ ಅಕ್ಕಿ ಚೀಲದಿಂದ ಶುರು ಮಾಡಿ, ನಿಧಾನಕ್ಕೆ ಹತ್ತು-ಹನ್ನೊಂದಕ್ಕೆ ಬನ್ನಿ. ಅಮೆರಿಕದಲ್ಲಿ ಕಾಡಿನ ಬೆಂಕಿಗೆ ಹೋಗುವವರಿಗೆ ಒಂದು ನಡಿಗೆ ಪರೀಕ್ಷೆ ಇದೆ. ಮುಂಚೂಣಿಗೆ ಹೋಗುವವರು ಸುಮಾರು 20 ಕೆಜಿ ಹೊತ್ತು 4.8 ಕಿಲೋಮೀಟರ್ ಸಮತಟ್ಟು ದಾರಿಯನ್ನು 45 ನಿಮಿಷದಲ್ಲಿ ನಡೆಯಬೇಕು. ಅದಕ್ಕಿಂತ ಹಗುರ ಕೆಲಸದವರಿಗೆ ಸುಮಾರು 11 ಕೆಜಿ, 3.2 ಕಿಲೋಮೀಟರ್, 30 ನಿಮಿಷ. ಓಡುವ ಹಾಗಿಲ್ಲ, ನಡೆಯಲೇಬೇಕು. ನಿಮ್ಮ ಗುಂಪಿಗೆ ಎರಡನೆಯದೇ ಗುರಿ ಇಟ್ಟುಕೊಳ್ಳಿ ಅಂತ ನನ್ನ ಸಲಹೆ. ಇಪ್ಪತ್ತು ಕೆಜಿಯ ಆಸೆ ಎರಡನೇ ವರ್ಷಕ್ಕಿರಲಿ. ಇದನ್ನು ಪಂದ್ಯ ಮಾಡಿಕೊಳ್ಳಬೇಡಿ ದಯವಿಟ್ಟು. ಆ ಪರೀಕ್ಷೆ ಕೊಡುವಾಗಲೇ ಹೃದಯಾಘಾತವಾಗಿ ಸತ್ತವರು ಆ ದೇಶದಲ್ಲಿದ್ದಾರೆ. ತಪಾಸಣೆ ಮೊದಲು ಅಂತ ನಾನು ಒತ್ತಿ ಹೇಳಿದ್ದು ಅದಕ್ಕೇ.

ಈ ಹೊತ್ತಿಗೆ ಸೊಪ್ಪು ಬಡಿಯುವ ಅಭ್ಯಾಸವನ್ನೂ ಸೇರಿಸಿ. ಬಯಲಲ್ಲಿ ಹಸಿ ಕೊಂಬೆ ಹಿಡಿದು, ಮಂಡಿ ಸ್ವಲ್ಪ ಬಗ್ಗಿಸಿ, ಸೊಂಟ ನೇರ ಇಟ್ಟುಕೊಂಡು ಎರಡು ನಿಮಿಷ ಬಡಿಯಿರಿ, ಎರಡು ನಿಮಿಷ ನಿಲ್ಲಿಸಿ. ಕೊಂಬೆಯನ್ನು ತಲೆ ಮೇಲೆ ಎತ್ತಿ ಬೀಸಬೇಡಿ. ಭುಜ ಬೇಗ ಸೋಲುತ್ತೆ, ನಿಜವಾದ ಬೆಂಕಿಯಲ್ಲಾದರೆ ಕಿಡಿಯೂ ಹಾರುತ್ತೆ. ಬೆಂಕಿಯ ಅಂಚಿನ ಮೇಲೆ ಒತ್ತಿ, ಸುಟ್ಟ ಕಡೆಗೆ ಎಳೆಯಬೇಕು. ಹತ್ತು ಸುತ್ತು ಮಾಡಿ ನೋಡಿ, ಬೆನ್ನಿನ ಕೆಳಭಾಗ ಎಲ್ಲಿ ನೋಯುತ್ತೆ ಅಂತ ಗೊತ್ತಾಗುತ್ತೆ.

ಕೊನೆಯ ಎರಡು ವಾರ ಬಿಸಿಲಿಗೆ. ಬೆಳಗಿನ ತಂಪಲ್ಲಿ ಮಾತ್ರ ನಡೆದ ಮೈ ಮಾರ್ಚ್‌ನ ಹನ್ನೊಂದು ಗಂಟೆ ಬಿಸಿಲಿಗೆ ಹೊಸದು. ಮೈ ಬಿಸಿಲಿಗೆ ಹೊಂದಿಕೊಳ್ಳೋಕೆ 7ರಿಂದ 14 ದಿನ ಬೇಕು. ಮೊದಲ ದಿನ ಒಂಬತ್ತು ಗಂಟೆಯ ಬಿಸಿಲಲ್ಲಿ ಇಪ್ಪತ್ತು ನಿಮಿಷ, ಭಾರ ಇಲ್ಲದೆ. ದಿನಾ ಸ್ವಲ್ಪ ಸ್ವಲ್ಪ ಏರಿಸಿ ಒಂದು ಗಂಟೆಗೆ ಬನ್ನಿ. ಆಗ ಬೆವರು ಬೇಗ ಬರುತ್ತೆ, ಎದೆ ಬಡಿತ ಮೊದಲಿನಷ್ಟು ಏರಲ್ಲ. ಮೂರು ವಾರ ಬಿಟ್ಟರೆ ಈ ಲಾಭ ಹೆಚ್ಚುಕಮ್ಮಿ ಹೋಗಿಬಿಡುತ್ತೆ, ಹಾಗಾಗಿ ಬೇಸಿಗೆ ಪೂರ್ತಿ ವಾರಕ್ಕೆರಡು ದಿನವಾದರೂ ಮುಂದುವರಿಸಿ.

ಇಷ್ಟೆಲ್ಲ ಮಾಡಿದ ಮೇಲೂ ಹದಿನಾಲ್ಕು ಜನರೂ ಬೆಂಕಿಯ ಮುಂದೆ ನಿಲ್ಲಬೇಕಿಲ್ಲ. ಮೂರು ಗುಂಪು ಮಾಡಿ. ತಪಾಸಣೆ ಸರಿ ಇದ್ದು ಆ ನಡಿಗೆ ಮುಗಿಸಿದವರು ಸೊಪ್ಪು ಹಿಡಿದು ಮುಂದೆ, ಅವರೂ ಇಪ್ಪತ್ತು ನಿಮಿಷಕ್ಕೊಮ್ಮೆ ಬದಲಾಗಬೇಕು. ನಡಿಗೆ ಮುಗಿಸೋಕಾಗದವರು ನೀರು ಹೊರಲಿ, ಹೊಗೆಯಿಲ್ಲದ ಕಡೆ ಹುಲ್ಲು ಸವರಿ ದಾರಿ ಮಾಡಲಿ. ಇದೂ ಸುಲಭ ಅಲ್ಲ, ಆದರೆ ಸುಸ್ತಾದಾಗ ನಿಲ್ಲಬಹುದು. ಮೂರನೆಯ ಗುಂಪು ಕೆಳಗೆ. ಮೇಷ್ಟ್ರ ಬಿಪಿ ಹತೋಟಿಯಲ್ಲಿದ್ದು ಟಿಎಂಟಿ ಸರಿ ಬಂದರೆ ಎರಡನೇ ಗುಂಪಿಗೆ ಬರಲಿ. 160/100 ದಾಟಿದ್ದರೆ ಅದು ಇಳಿಯುವವರೆಗೆ ಭಾರದ ನಡಿಗೆಯೂ ಬೇಡ, ನನ್ನ ರೋಗಿಗಳಿಗೆ ನಾನು ಇಟ್ಟುಕೊಂಡಿರುವ ಗೆರೆ ಅದು. ಬಿಪಿಗೆ ಕೊಡುವ ಕೆಲವು ಮಾತ್ರೆ ಮೈಯ ನೀರು ಇಳಿಸುತ್ತೆ, ಕೆಲವು ಎದೆ ಬಡಿತ ಏರದಂತೆ ಹಿಡಿಯುತ್ತೆ. ಎರಡೂ ಬಿಸಿಲಲ್ಲಿ ತೊಂದರೆ ಕೊಡಬಹುದು. ಹಾಗಂತ ಅವರಾಗೇ ಮಾತ್ರೆ ಬಿಡಬಾರದು, ಬರೆದುಕೊಟ್ಟ ಡಾಕ್ಟರಿಗೆ ನಾನು ಇಂಥ ಕೆಲಸಕ್ಕೆ ಹೋಗ್ತೀನಿ ಅಂತ ಹೇಳಬೇಕು. ಸಕ್ಕರೆಗೆ ಇನ್ಸುಲಿನ್ ತಗೊಳ್ಳುವವರಿದ್ದರೆ ಜೇಬಿನಲ್ಲಿ ಬೆಲ್ಲವೋ ಗ್ಲೂಕೋಸೋ ಇರಲೇಬೇಕು.

ಕರೆ ಬಂದ ದಿನ ಹೊಟ್ಟೆಗೆ ಏನಾದರೂ ಹಾಕಿಕೊಂಡೇ ಹೊರಡಿ, ಎರಡು ಬಾಳೆಹಣ್ಣಾದರೂ ಸರಿ. ಕುಡಿಯೋಕೆ ತಲಾ ಮೂರು ಲೀಟರ್ ಲೆಕ್ಕ ಹಾಕಿ, ಕಾಲು ಗಂಟೆಗೊಮ್ಮೆ ಒಂದು ಲೋಟದಷ್ಟು. ಬರೀ ನೀರನ್ನೇ ಗಂಟೆಗಟ್ಟಲೆ ಗಟಗಟ ಕುಡಿದರೆ ರಕ್ತದ ಉಪ್ಪು ಇಳಿದು ಅದೂ ತಲೆ ತಿರುಗಿಸುತ್ತೆ, ಹಾಗಾಗಿ ಅರ್ಧದಷ್ಟು ಓಆರ್‌ಎಸ್ ಇರಲಿ. ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಮಟ್ಟಸವಾಗಿ ಅಳೆದು. ಉಪ್ಪು ಹಾಕಿದ ಮಜ್ಜಿಗೆಯೂ ನಡೆಯುತ್ತೆ. ಹತ್ತಿ ಬಟ್ಟೆ, ತುಂಬು ತೋಳು. ಕ್ರಿಕೆಟ್ ಟೀ-ಶರ್ಟ್ ಹಾಕಿಕೊಂಡು ಹೋಗುವ ಹುಡುಗರನ್ನು ತಡೆಯಿರಿ, ಆ ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತೆ.

ಯಾರಾದರೂ ತೊದಲಿದರೆ, ದಾರಿ ತಪ್ಪಿದವರ ಹಾಗೆ ನಡೆದರೆ ಅದು ಬಿಸಿಲಾಘಾತ ಅಂತಲೇ ತಿಳಿಯಿರಿ. ಅವರು ನಾನು ಚೆನ್ನಾಗಿದ್ದೀನಿ ಅನ್ನುತ್ತಾರೆ, ನಂಬಬೇಡಿ. ನೆರಳಿಗೆ ಎಳೆದು, ಇರುವ ನೀರೆಲ್ಲ ಮೈ ಮೇಲೆ ಸುರಿದು ಗಾಳಿ ಬೀಸಿ. ಮೊದಲು ಮೈ ತಣ್ಣಗಾಗಬೇಕು, ಸಾಗಿಸೋದು ಆಮೇಲೆ. ಎದೆ ಬಿಗಿ, ಎಡಗೈಗೋ ದವಡೆಗೋ ಹರಿಯುವ ನೋವು, ತಣ್ಣನೆ ಬೆವರು ಕಂಡರೆ ಒಂದು ಹೆಜ್ಜೆಯೂ ನಡೆಸದೆ ಹೊತ್ತು ಇಳಿಸಿ, 108ಕ್ಕೆ ಫೋನ್ ಮಾಡಿ. ಪ್ರಜ್ಞೆ ಇಲ್ಲ, ಉಸಿರೂ ಇಲ್ಲ ಅಂದರೆ ಎದೆಯ ನಡುವೆ ಎರಡು ಅಂಗೈ ಇಟ್ಟು ಐದು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಇದನ್ನು ಓದಿ ಕಲಿಯೋಕಾಗಲ್ಲ, ಕೈಯಲ್ಲಿ ಮಾಡಿ ಕಲಿಯಬೇಕು. ಅಗ್ನಿಶಾಮಕ ಠಾಣೆಯವರು ಏಪ್ರಿಲ್ 14ರಿಂದ ಸಪ್ತಾಹ ನಡೆಸುತ್ತಾರೆ, ಆದರೆ ಅಷ್ಟು ಹೊತ್ತಿಗೆ ನಿಮ್ಮ ಬೆಂಕಿಯ ಕಾಲ ಮುಕ್ಕಾಲು ಮುಗಿದಿರುತ್ತೆ. ಡಿಸೆಂಬರ್‌ನಲ್ಲೇ ಹೋಗಿ ಕೇಳಿ, ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ, ಹದಿನಾಲ್ಕು ಜನರೂ ಕಲಿತುಕೊಳ್ಳಿ.

ಇನ್ನು ನಿಮ್ಮ ಅಣ್ಣ. ಪರೀಕ್ಷೆಯಲ್ಲಿ ಎಲ್ಲ ಸರಿ ಇದ್ದರೆ ಅವರೂ ನವೆಂಬರ್‌ನಿಂದ ನಿಮ್ಮ ಜೊತೆ ನಡೆಯಲಿ. ತೊಂದರೆ ಕಂಡರೆ ಮೊದಲು ಚಿಕಿತ್ಸೆ, ಮುಂದಿನದನ್ನು ಆ ಡಾಕ್ಟರ್ ಹೇಳಿದಂತೆ. ಎರಡರಲ್ಲಿ ಏನೇ ಆದರೂ ಈ ಬೇಸಿಗೆ ಅವರನ್ನು ಮೇಲೆ ಹತ್ತಿಸಬೇಡಿ. ಮನೆಯಲ್ಲಿ ಕೂರು ಅಂತಲೂ ಹೇಳಬೇಡಿ, ಅವರು ಕದ್ದು ಬರುತ್ತಾರೆ. ಕೆಳಗೆ ಗಾಡಿ ಹತ್ತಿರ ನಿಲ್ಲಿಸಿ ಕೈಗೊಂದು ನೋಟ್‌ಬುಕ್ ಕೊಡಿ. ಯಾರು ಎಷ್ಟು ಗಂಟೆಗೆ ಮೇಲೆ ಹೋದರು, ಯಾವಾಗ ಇಳಿದು ನೀರು ಕುಡಿದರು ಅಂತ ಬರೆಯಲಿ, ಇಪ್ಪತ್ತು ನಿಮಿಷ ಆದವರನ್ನು ಫೋನ್ ಮಾಡಿ ಕೆಳಗೆ ಕರೆಸಲಿ. ಹೋದ ಸಲ ಅವರು ಕುಸಿದಾಗ ಆ ಕೆಲಸಕ್ಕೆ ಯಾರೂ ಇರಲಿಲ್ಲ.